ಮೂರನೆಯ ಫಾರಂ

ನಮ್ಮ ಪ್ರೆಸ್ಸಿನ ಯಜಮಾನರಿಗೆ ನಾವು ಬೆನ್ನ ಹಿಂದೆ ಇಟ್ಟ ಹೆಸರು ‘ನೂರಕ್ಕೆ ನೂರು’. ಯಾರು ಏನೇ ಹೇಳಲಿ, “ನಿಮ್ಮ ಮಾತು ನೂರಕ್ಕೆ ನೂರು ನಿಜ” ಎಂದು ತಲೆದೂಗುವುದು ಅವರ ಅಭ್ಯಾಸ. ಗರ್ಭಪಾತದ ಕಾನೂನನ್ನು ಬಿಗಿ ಮಾಡಬೇಕೋ ಬೇಡವೋ ಎಂದು ಭಾನುವಾರ ಊರಿನ ಸಭಾಂಗಣದಲ್ಲಿ ದೊಡ್ಡ ಚರ್ಚೆ ಏರ್ಪಾಡಾಗಿತ್ತು. ಗರ್ಭ ತೆಗೆಸುವುದೆಂದರೆ ಕೊಲೆ ಎನ್ನುವವರ ಪರವಾಗಿ ಒಬ್ಬ ನಿವೃತ್ತ ಮೇಷ್ಟ್ರು ಬಂದು ಅರವತ್ತನಾಲ್ಕು ಪುಟದ ಪುಸ್ತಿಕೆಯೊಂದನ್ನು ಅಚ್ಚಿಗೆ ಕೊಟ್ಟರು. ಮರುದಿನ, ಅದು ಹೆಂಗಸಿನ ಹಕ್ಕು ಎನ್ನುವವರ ಪರವಾಗಿ ಒಬ್ಬ ವಕೀಲೆ ಬಂದು ತಮ್ಮದೂ ಅರವತ್ತನಾಲ್ಕು ಪುಟ ಕೊಟ್ಟರು. ಇಬ್ಬರ ಮಾತೂ ನೂರಕ್ಕೆ ನೂರು ನಿಜವಾಯಿತು. ಯಜಮಾನರು ಎರಡಕ್ಕೂ ಒಂದೇ ಕಾಗದ, ಒಂದೇ ಅಳತೆ, ಒಂದೇ ಅಕ್ಷರ ಹಾಕಿಸಿ ಕೈ ತೊಳೆದುಕೊಂಡರು.

ಮಿಕ್ಕದ್ದು ನನ್ನ ಪಾಲಿಗೆ. ಬೈಂಡಿಂಗ್ ಕೋಣೆಗೆ ನಾನೇ ಮುಖ್ಯಸ್ಥೆ, ಇಪ್ಪತ್ತೇಳು ವರ್ಷದ ಸರ್ವೀಸು. ನನ್ನ ಕೈ ಕೆಳಗೆ ಇರುವುದು ಒಬ್ಬಳೇ, ನನ್ನ ತಂಗಿ. ಅವಳನ್ನು ಕೆಲಸಕ್ಕೆ ಸೇರಿಸಿದ್ದೂ ನಾನೇ, ದಿನಕ್ಕೆ ಹತ್ತು ಸಲ ಬೈಯುವುದೂ ನಾನೇ.

ಅಚ್ಚಾದ ದೊಡ್ಡ ಹಾಳೆಯನ್ನು ಮಡಚಿದರೆ ಹದಿನಾರು ಪುಟಗಳಾಗುತ್ತವೆ. ಅದನ್ನು ನಾವು ಫಾರಂ ಎನ್ನುತ್ತೇವೆ. ನಾಲ್ಕು ಫಾರಂಗಳನ್ನು ಒಂದರ ಮೇಲೊಂದು ಇಟ್ಟು ಪಿನ್ ಹೊಡೆದರೆ ಅರವತ್ತನಾಲ್ಕು ಪುಟ. ಪ್ರತಿ ಫಾರಂ ಬೆನ್ನಿಗೆ ಒಂದು ಸಣ್ಣ ಕಪ್ಪು ಗೆರೆ ಇರುತ್ತದೆ. ಮೊದಲನೆಯದಕ್ಕೆ ಮೇಲ್ತುದಿಯಲ್ಲಿ, ಎರಡನೆಯದಕ್ಕೆ ಸ್ವಲ್ಪ ಕೆಳಗೆ, ಮೂರನೆಯದಕ್ಕೆ ಇನ್ನೂ ಕೆಳಗೆ. ಸರಿಯಾಗಿ ಜೋಡಿಸಿದ್ದರೆ ಆ ಗೆರೆಗಳು ಬೆನ್ನ ಮೇಲೆ ಮೆಟ್ಟಿಲಿನಂತೆ ಇಳಿಯುತ್ತವೆ. ಮೆಟ್ಟಿಲು ತಪ್ಪಿದರೆ ಫಾರಂ ತಪ್ಪಿದೆ ಎಂದರ್ಥ. ಬೈಂಡಿಂಗಿನವರು ಪುಸ್ತಕ ಓದುವುದಿಲ್ಲ, ಮೆಟ್ಟಿಲು ನೋಡುತ್ತಾರೆ. ಇಪ್ಪತ್ತೇಳು ವರ್ಷದಲ್ಲಿ ನನ್ನ ಕೈಯಿಂದ ಒಂದು ಮೆಟ್ಟಿಲೂ ತಪ್ಪಿರಲಿಲ್ಲ. ಆ ಜಂಬ ನನಗಿತ್ತು, ಯಾಕೆ ಮುಚ್ಚಿಡಲಿ.

ಶುಕ್ರವಾರ ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತ ತಂಗಿ ಹೇಳಿದಳು: “ಅಕ್ಕ, ನಾನು ಮತ್ತೆ ಬಸುರಿ. ಒಂಬತ್ತು ವಾರ ಆಗಿದೆ.”

ನನ್ನ ಮುಖ ಅರಳುವುದಕ್ಕೂ ಅವಳು ಬಿಡಲಿಲ್ಲ. “ತೆಗೆಸ್ತೀನಿ. ಸೋಮವಾರ ಹತ್ತು ಗಂಟೆಗೆ. ಆಸ್ಪತ್ರೇಲಿ ಹೆಸರು ಬರೆಸಿ ಬಂದಿದೀನಿ. ಜೊತೆಗೆ ಒಬ್ಬರು ಇರಬೇಕಂತೆ. ನೀನು ಬರ್ತೀಯಾ?”

“ನಿನ್ನ ಗಂಡ ಏನಂದ?”

“ಅವರು ಲಾರಿ ತಗೊಂಡು ಹೋಗಿದಾರಲ್ಲ, ಬರೋದು ಬುಧವಾರ. ಫೋನಲ್ಲಿ ಹೇಳ್ದೆ. ನಿನಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡು ಅಂದ್ರು.”

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಹೊಟ್ಟೆಯಲ್ಲಿ ಮೂರು ಸಲ ನಿಂತು, ಮೂರು ಸಲವೂ ನಾಲ್ಕು ತಿಂಗಳು ತುಂಬುವ ಮೊದಲೇ ಹೋಗಿದೆ. ಆಮೇಲೆ ನಿಲ್ಲಲೇ ಇಲ್ಲ. ನನಗೆ ಒಂದೂ ಇಲ್ಲ, ನಿನಗೆ ಮೂರನೆಯದು ಭಾರವೇ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡೆ. ಅದರ ಹಿಂದೆಯೇ ಬಂದ ಮಾತನ್ನು ಮಾತ್ರ ನುಂಗಲಾಗಲಿಲ್ಲ.

“ಹೆತ್ತು ನನಗೆ ಕೊಡು,” ಎಂದೆ.

“ಇಲ್ಲ.”

“ಯಾಕೆ? ನಾನೇನು ಬೀದೀಲಿ ಹೋಗೋಳಾ?”

“ಇಲ್ಲ ಅಕ್ಕ. ಆಗಲ್ಲ.” ಅವಳು ಡಬ್ಬಿಯನ್ನು ಚೀಲಕ್ಕೆ ತುರುಕಿ ಎದ್ದುಹೋದಳು.

ಆ ಮಧ್ಯಾಹ್ನವೇ ನಾನು ಉದ್ದ ಮೇಜಿನ ಒಂದು ಬದಿಗೆ ಮೇಷ್ಟ್ರ ನಾಲ್ಕು ಫಾರಂಗಳನ್ನೂ ಇನ್ನೊಂದು ಬದಿಗೆ ವಕೀಲೆಯ ನಾಲ್ಕು ಫಾರಂಗಳನ್ನೂ ಸಾಲಾಗಿ ಪೇರಿಸಿದೆ. ಇಬ್ಬರೂ ಮೇಜಿನ ಸುತ್ತ ನಡೆಯುತ್ತ ಒಂದೊಂದೇ ಎತ್ತಿ ಜೋಡಿಸಿದೆವು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸಂಜೆಯ ಹೊತ್ತಿಗೆ ಒಂದೊಂದರದು ಮುನ್ನೂರು, ಒಟ್ಟು ಆರುನೂರು ಪ್ರತಿಗೂ ಪಿನ್ ಬಿತ್ತು. ಮೆಟ್ಟಿಲುಗಳು ಲಕ್ಷಣವಾಗಿ ಇಳಿದಿದ್ದವು. ಶನಿವಾರ ರಕ್ಷಾಪುಟ ಅಂಟಿಸುವುದಷ್ಟೇ ಬಾಕಿ.

ಮನೆಗೆ ಹೋದವಳೇ ಬೀರುವಿನ ಕೆಳಗಿನ ಖಾನೆಯನ್ನು ಖಾಲಿ ಮಾಡಿದೆ. ಕೂತಲ್ಲಿಂದಲೇ ಕೈಗೆ ಎಟುಕುತ್ತದೆ, ಮಗುವಿನ ಬಟ್ಟೆಗೆ ಅದೇ ಅನುಕೂಲ. ಗಂಡ ಬಾಗಿಲಲ್ಲಿ ನಿಂತು ಏನು ಹುಡುಕುತ್ತಿದ್ದೀಯ ಎಂದು ಕೇಳಿದ. ಜಿರಳೆ ಎಂದೆ.

ಶನಿವಾರ ಬೆಳಿಗ್ಗೆ ಮೇಷ್ಟ್ರು ಮಾದರಿ ಪ್ರತಿ ನೋಡಲು ಬಂದರು. ಬೈಂಡಿಂಗ್ ಕೋಣೆಯ ತೆರೆದ ಬಾಗಿಲಿಂದ ನಮಗಿಬ್ಬರಿಗೂ ಎಲ್ಲ ಕಾಣುತ್ತಿತ್ತು. ಯಜಮಾನರ ಎದುರು ನಿಂತು, ನಡುವಿಗೆ ತೆರೆದು, ಸಭೆಯಲ್ಲಿ ಓದುವ ಗಂಟಲಿನಲ್ಲೇ ಓದಿದರು: “ಗರ್ಭದಲ್ಲಿರುವ ಜೀವಕ್ಕೆ ಬಾಯಿಲ್ಲ. ಆದ್ದರಿಂದ ಅದರ ಪರವಾಗಿ...” ಅಲ್ಲಿಗೆ ಎಡಗಡೆಯ ಪುಟ ಮುಗಿಯಿತು. ಬಲಗಡೆಯ ಪುಟಕ್ಕೆ ದಾಟಿದರು: “...ಆ ಹೆಂಗಸೇ ಮಾತಾಡಬೇಕು. ಅವಳ ಬದಲಿಗೆ ಮಾತಾಡುವ ಹಕ್ಕು ಇನ್ನಾರಿಗೂ ಇಲ್ಲ.”

“ನೂರಕ್ಕೆ ನೂರು ನಿಜ,” ಎಂದರು ಯಜಮಾನರು.

ಓದಿದ ರಭಸಕ್ಕೆ ಮೇಷ್ಟ್ರು ಕೂಡ ಒಮ್ಮೆ ತಲೆದೂಗಿಬಿಟ್ಟರು. ಆಮೇಲೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಬಲಪುಟವನ್ನು ಮನಸ್ಸಿನಲ್ಲೇ ಓದಿದರು. “ಇದು ನಾನು ಬರೆದಿದ್ದಲ್ಲ!” ಎಂಬ ಕೂಗು ಬೈಂಡಿಂಗ್ ಕೋಣೆಯ ತನಕ ಬಂತು.

ಮೇಷ್ಟ್ರ ಮೂರನೆಯ ಫಾರಂ ವಕೀಲೆಯ ಪುಸ್ತಿಕೆಗೆ ಹೋಗಿತ್ತು, ವಕೀಲೆಯದು ಮೇಷ್ಟ್ರ ಪುಸ್ತಿಕೆಗೆ ಬಂದಿತ್ತು. ಅಳತೆ ಒಂದೇ, ಪುಟಸಂಖ್ಯೆ ಒಂದೇ, ಗೆರೆಯ ಜಾಗವೂ ಒಂದೇ. ಮೆಟ್ಟಿಲು ಎಲ್ಲಿಂದ ತಪ್ಪಬೇಕು? ಎರಡು ಸಾಲು ಓದಿದ್ದರೆ ತಿಳಿಯುತ್ತಿತ್ತು. ನಾವು ಓದುವವರಲ್ಲ.

ಯಜಮಾನರು ಓಡಿಬಂದರು. “ಯಾರ ಕೈ ತಪ್ಪಿದ್ದು?”

ನಾನು ತಂಗಿಯ ಕಡೆ ನೋಡಿದೆ. ಬಾಯಿಬಿಟ್ಟು ಏನೂ ಹೇಳಲಿಲ್ಲ, ನೋಡಿದೆ ಅಷ್ಟೇ. ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ. ಮೇಜಿನ ಮೇಲೆ ಫಾರಂ ಪೇರಿಸಿದವಳು ನಾನು, ಮೂರನೆಯ ಪೇರಿಗಳನ್ನು ಅದಲುಬದಲು ಇಟ್ಟವಳು ನಾನು, ಅದು ನನಗೆ ಆ ಕ್ಷಣವೇ ಹೊಳೆದಿತ್ತು.

“ನಂದೇ ಸಾರ್,” ಎಂದಳು ತಂಗಿ. “ಸಂಜೆಯೊಳಗೆ ಸರಿ ಮಾಡ್ತೀವಿ.”

ಕೆಲಸ ಹೇಳುವುದಕ್ಕೆ ಸುಲಭ. ಮೊಂಡು ಚಾಕುವಿನಿಂದ ಎರಡು ಪಿನ್ ಎಬ್ಬಿಸಿ, ಕಾಗದ ಹರಿಯದಂತೆ ಕಿತ್ತು, ಮೂರನೆಯ ಫಾರಂ ಎಳೆದು, ಅದರ ಜಾಗಕ್ಕೆ ಸರಿಯಾದದ್ದನ್ನು ಇಟ್ಟು, ಹಳೆಯ ತೂತಿಗೇ ಹೊಸ ಪಿನ್ ಕೂರಿಸಬೇಕು. ಅದೇ ಕೆಲಸ ಆರುನೂರು ಸಲ. ಪಿನ್ ಹೊಡೆಯುವ ಯಂತ್ರಕ್ಕೆ ಪಕ್ಕದ ಕೋಣೆಯಲ್ಲಿ ಯಜಮಾನರೇ ಕೂತರು. ಕೀಳುವ ಕೆಲಸಕ್ಕೆ ನಾನೂ ಅವಳೂ ಎದುರುಬದುರು ಕೂತೆವು.

ಒಂದು ಗಂಟೆ ಪಿನ್ ಕೀಳುವುದರಲ್ಲೇ ಕಳೆಯಿತು. ಆಮೇಲೆ ಅವಳು ಇದ್ದಕ್ಕಿದ್ದಂತೆ ಕಿಸಕ್ಕೆಂದಳು. “ಮೇಷ್ಟ್ರು ತಲೆ ಆಡಿಸಿದ್ದು ನೋಡಿದ್ಯಾ? ಹಾಗೇ ಬಿಟ್ಟಿದ್ರೆ ನಾಳೆ ಸಭೇಲೂ ಓದಿ ಚಪ್ಪಾಳೆ ಗಿಟ್ಟಿಸ್ತಿದ್ರು.”

ನನಗೂ ನಗು ತಡೆಯಲಾಗಲಿಲ್ಲ. ನಕ್ಕಿದ್ದಕ್ಕೇ ಇನ್ನಷ್ಟು ನಾಚಿಕೆಯಾಯಿತು. “ಪೇರಿಸಿದ್ದು ನಾನು ಕಣೇ. ನೀನ್ಯಾಕೆ ನಂದು ಅಂದೆ?”

“ನಿನ್ನ ಇಪ್ಪತ್ತೇಳು ವರ್ಷ ಯಾಕೆ ಹಾಳು ಮಾಡ್ಲಿ ಅಂತ. ಆಮೇಲೆ ಸಾಯೋ ತನಕ ನನ್ನ ತಲೆ ತಿಂತೀಯ.”

ಚಾಕು ಕೆಳಗಿಟ್ಟು ಪಕ್ಕದ ಕೋಣೆಗೆ ಹೋದೆ. “ಯಜಮಾನ್ರೇ, ಕೈ ತಪ್ಪಿದ್ದು ನಂದು, ಅವಳದಲ್ಲ.”

“ನೂರಕ್ಕೆ ನೂರು...” ಎಂದವರು ಅಲ್ಲೇ ನಾಲಿಗೆ ಕಚ್ಚಿಕೊಂಡು ಯಂತ್ರದ ಕಡೆ ತಿರುಗಿದರು.

ವಾಪಸ್ ಬಂದು ಕೂತೆ. ಒಂದು ಭಾರ ಇಳಿದಿತ್ತು, ಇನ್ನೊಂದು ಹಾಗೇ ಇತ್ತು. “ನಾನು ನಿಜ ಹೇಳಿ ಬಂದೆ. ಈಗ ನೀನು ಹೇಳು. ಯಾಕೆ ಕೊಡಲ್ಲ?”

ಅವಳು ಕೈಯಲ್ಲಿದ್ದ ಪಿನ್ ಪೂರ್ತಿ ಕಿತ್ತು ಡಬ್ಬಿಗೆ ಹಾಕಿದಳು. “ಚಿಕ್ಕವಳು ಹುಟ್ಟಿದಾಗಿನದು ನೆನಪಿದ್ಯಾ?”

ನೆನಪಿಲ್ಲದೆ ಏನು. ಎರಡನೆಯ ಹೆರಿಗೆಯಾದ ಮೇಲೆ ಅವಳ ಮನಸ್ಸಿಗೆ ಕತ್ತಲು ಕವಿದುಬಿಟ್ಟಿತ್ತು. ಮಗು ಅತ್ತರೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಇದು ಯಾರದು, ತಗೊಂಡು ಹೋಗಿ ಎನ್ನುತ್ತಿದ್ದಳು. ಒಂದು ದಿನ ಅವಳ ಗಂಡ ಅವಳನ್ನು ಮಹಡಿಯ ಅಂಚಿನಿಂದ ಎಳೆದು ತಂದ. ಡಾಕ್ಟರು, ಮಾತ್ರೆ, ಆಸ್ಪತ್ರೆ ಎಂದು ಹನ್ನೊಂದು ತಿಂಗಳು ಹಿಡಿಯಿತು ಅವಳು ಅವಳಾಗುವುದಕ್ಕೆ. ಅಷ್ಟೂ ದಿನ ಮಗು ನನ್ನ ಹತ್ತಿರ ಇತ್ತು. ನನ್ನ ಎದೆಯ ಮೇಲೆ ಮಲಗುತ್ತಿತ್ತು. ಮೊದಲು ಅಮ್ಮ ಎಂದದ್ದು ನನಗೆ. ಅಮ್ಮ ಅಲ್ಲ, ದೊಡ್ಡಮ್ಮ ಎಂದು ನಾನೇ ತಿದ್ದಿದೆ. ಆದರೆ ತಿದ್ದಲು ಅವಸರ ಮಾಡಲಿಲ್ಲ.

“ಆ ಹನ್ನೊಂದು ತಿಂಗಳು ನಿನಗೆ ಹೇಗಿತ್ತು ಅಕ್ಕ? ಸುಳ್ಳು ಹೇಳ್ಬೇಡ.”

“ಚೆನ್ನಾಗಿತ್ತು,” ಎಂದೆ. ಅಷ್ಟು ಚೆಂದದ ದಿನಗಳು ನನ್ನ ಬದುಕಿನಲ್ಲಿ ಬೇರೆ ಇಲ್ಲ.

“ನಂಗೊತ್ತು. ನಿನಗದು ಸುಗ್ಗಿ. ನಾನು ಈಗ್ಲೂ ಬಟ್ಟೆ ಒಣಗಿಸೋಕೂ ಮಹಡಿಗೆ ಹೋಗಲ್ಲ. ಹೆತ್ತು ಕೊಡು ಅಂತೀಯಲ್ಲ, ಹೆರೋ ತನಕ ನಾನು ಉಳೀಬೇಕಲ್ಲ? ಈಗಾಗ್ಲೇ ಶುರುವಾಗಿದೆ ಅಕ್ಕ. ಎರಡು ವಾರದಿಂದ ನಿದ್ದೆ ಇಲ್ಲ. ಮಕ್ಕಳು ನನ್ನ ಹತ್ರ ಮಾತಾಡಿದ್ರೆ ಪಕ್ಕದ ಮನೇಲಿ ಯಾರೋ ಮಾತಾಡಿದ ಹಾಗೆ ಕೇಳುತ್ತೆ.”

“ಡಾಕ್ಟ್ರು ಇದಾರೆ, ಮಾತ್ರೆ ಇದೆ, ನಾನಿದೀನಿ. ಈ ಸಲ ಮೊದಲಿಂದ್ಲೇ ಹುಷಾರಾಗಿ ನೋಡ್ಕೊಂಡ್ರಾಯ್ತು. ಎಷ್ಟೋ ಜನ ಹೀಗೇ ದಾಟಿದಾರೆ.”

“ದಾಟಿರಬಹುದು. ದಾಟದೆ ಇದ್ದೋರು ಬಂದು ಹೇಳಲ್ಲ.”

ಉತ್ತರವಿಲ್ಲದಾಗ ನನಗೆ ಸಿಟ್ಟು ಬರುತ್ತದೆ. ಕಿತ್ತ ಫಾರಂ ಒಂದನ್ನು ಮೇಜಿಗೆ ಬಡಿದೆ. “ಹಾಗಂತ ಒಂದು ಜೀವ ತೆಗಿತೀಯಾ? ನನ್ನ ಮೂರೂ ಹೋದಾಗ ಡಾಕ್ಟ್ರು ಏನಂದ್ರು ಗೊತ್ತಾ? ಇನ್ನೂ ಏನೂ ಆಗಿರಲಿಲ್ಲ ಬಿಡಿ, ಬರೀ ರಕ್ತ ಅಂದ್ರು. ನಾನು ಮೂರಕ್ಕೂ ಹೆಸರಿಟ್ಟಿದ್ದೆ ಕಣೇ. ಯಾರಿಗೂ ಹೇಳಿಲ್ಲ. ಈಗ ನೀನೂ ಇದು ಜೀವ ಅಲ್ಲ ಅಂದ್ಬಿಟ್ರೆ, ಇಷ್ಟು ವರ್ಷ ನಾನು ಎದೇಲಿ ಇಟ್ಕೊಂಡಿರೋದು ಯಾರನ್ನ?”

“ಅಲ್ಲ ಅಂತ ನಾನೆಲ್ಲಿ ಅಂದೆ?”

ನಿಜ, ಅವಳು ಎಲ್ಲೂ ಅಂದಿರಲಿಲ್ಲ.

“ಜೀವವೇ,” ಎಂದಳು. “ಎರಡು ಹೆತ್ತಿದೀನಿ, ನಂಗೆ ಗೊತ್ತಾಗಲ್ವಾ? ವಕೀಲಮ್ಮನ ಪುಸ್ತಕದಲ್ಲಿ ಇದು ಬರೀ ಜೀವಕೋಶ ಅಂತಿದೆ, ಈಗಷ್ಟೇ ಕಣ್ಣಿಗೆ ಬಿತ್ತು. ನಂಗೆ ಹಾಗನ್ಸಲ್ಲ. ಮೇಷ್ಟ್ರ ಪುಸ್ತಕದಲ್ಲಿ ತೆಗೆಸೋರಿಗೆ ಕರುಳೇ ಇಲ್ಲ ಅಂತಿದೆ. ಅದೂ ನಾನಲ್ಲ. ಜೀವ ಅಂತ ಗೊತ್ತಿದ್ದೇ ಹೋಗ್ತಿದೀನಿ. ನಂದೂ ಒಂದು ಜೀವ, ಮನೇಲಿರೋವು ಎರಡು. ಎಷ್ಟು ಸಲ ತೂಗಿ ನೋಡಿದೀನಿ ಅಂತ ನಿನಗೆ ಗೊತ್ತಿಲ್ಲ. ತೂಗಿದ್ದು ತಪ್ಪಾಗಿದ್ರೆ ಆ ತಪ್ಪು ನಂದೇ ಇರ್ಲಿ.”

“ತಪ್ಪೇ,” ಎಂದೆ. “ತಪ್ಪು ಅಂತಾನೇ ನಾನು ಹೇಳೋದು.”

“ಹೇಳು.”

“ನಾಳೆನೂ ಅದನ್ನೇ ಹೇಳ್ತೀನಿ.”

“ಹೇಳು ಅಕ್ಕ. ಸೋಮವಾರ ಬರ್ತೀಯೋ ಇಲ್ವೋ, ಅದನ್ನೂ ಹೇಳು.”

ಅವಳ ದನಿ ಏರಲಿಲ್ಲ, ಕೈ ನಿಲ್ಲಲಿಲ್ಲ. ಪಿನ್ ಎಬ್ಬಿಸುವುದು, ಕೀಳುವುದು, ಎಳೆಯುವುದು. ಚಿಕ್ಕಂದಿನಿಂದ ನಾನು ಬೈದರೆ ಮುಖ ಸಣ್ಣ ಮಾಡಿಕೊಂಡು ಹೇಳಿದ ಹಾಗೆ ಕೇಳುತ್ತಿದ್ದವಳು ಇವಳೇನಾ ಅನ್ನಿಸಿತು. ಇವಳನ್ನು ಇನ್ನು ಅಲ್ಲಾಡಿಸಲಾಗದು ಎಂದು ನನಗೆ ತಿಳಿದುಹೋಯಿತು. ಆದರೂ ಕೊನೆಯದಾಗಿ ಒಂದು ಕಲ್ಲು ಎಸೆದು ನೋಡಿದೆ.

“ಬೀರುವಿನ ಕೆಳಗಿನ ಖಾನೆ ಖಾಲಿ ಮಾಡಿದೀನಿ. ಮಗೂಗೆ ಅಂತ.”

ಆಗ ಅವಳ ಕೈ ನಿಂತಿತು. “ಯಾವಾಗ?”

“ನಿನ್ನೆ.”

“ನಾನು ಇಲ್ಲ ಅಂದ ಮೇಲಾ?”

“ಇಲ್ಲ ಅಂದ ಮೇಲೇನೇ.”

ಸಿಟ್ಟಿಲ್ಲದೆ, ಮೆಲ್ಲಗೆ ಕೇಳಿದಳು: “ನಿನ್ನ ಖಾನೆ ತುಂಬ್ಸೋಕೆ ನಾನು ಸಾಯ್ಲಾ ಅಕ್ಕ?”

ಹಿಂದಿನ ದಿನ ಮಧ್ಯಾಹ್ನದಿಂದ ನಾನು ಜೀವ ಜೀವ ಎಂದು ಬಡಿದುಕೊಂಡಿದ್ದೆ. ಅದರಲ್ಲಿ ಆ ಜೀವಕ್ಕಾಗಿ ಆಡಿದ್ದೆಷ್ಟು, ನನ್ನ ಖಾಲಿ ಮಡಿಲಿಗಾಗಿ ಆಡಿದ್ದೆಷ್ಟು ಎಂದು ಬಿಡಿಸಿ ನೋಡಿದರೆ ಪಾಲು ಅರ್ಧರ್ಧವೂ ಇರಲಿಲ್ಲ. ಮಡಿಲಿನ ಪಾಲೇ ದೊಡ್ಡದು. ಅದು ಗೊತ್ತಾದ ಮೇಲೂ ಹೊಟ್ಟೆಯಲ್ಲಿರುವುದು ಜೀವ ಎಂಬ ನನ್ನ ನಂಬಿಕೆ ಒಂದು ಕೂದಲಿನಷ್ಟೂ ಸರಿಯಲಿಲ್ಲ. ಇವತ್ತಿಗೂ ಸರಿದಿಲ್ಲ. ಆದರೆ ನನ್ನ ಎದುರು ಕೂತು ಪಿನ್ ಕೀಳುತ್ತಿದ್ದವಳನ್ನು, ನಾನೇ ಜಡೆ ಹಾಕಿ ಸ್ಕೂಲಿಗೆ ಕಳಿಸಿದವಳನ್ನು, ಎರಡು ದಿನದಿಂದ ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

“ಸೋಮವಾರ ಎಷ್ಟು ಹೊತ್ತಿಗೆ ಹೊರಡ್ಬೇಕು?” ಎಂದೆ.

“ಒಂಬತ್ತಕ್ಕೆ.”

“ನಾನು ಒಪ್ಪಿದೀನಿ ಅಂತಲ್ಲ.”

“ಗೊತ್ತು.”

“ಗೊತ್ತಿದ್ರೆ ಸರಿ. ಆ ಕಡೆ ಪಿನ್ ನೆಟ್ಟಗೆ ಕೀಳು, ತೂತು ದೊಡ್ಡದಾಗ್ತಿದೆ.”

ಆರು ಗಂಟೆಯ ಹೊತ್ತಿಗೆ ಆರುನೂರೂ ಮುಗಿದವು. ಈ ಸಲ ಪ್ರತಿಯೊಂದರ ಮೂವತ್ತೆರಡು, ಮೂವತ್ತಮೂರನೆಯ ಪುಟಗಳನ್ನು ನಾನೇ ಕಣ್ಣಿಟ್ಟು ಓದಿದೆ. ಭಾನುವಾರದ ಸಭೆಗೆ ನಾವಿಬ್ಬರೂ ಹೋಗಲಿಲ್ಲ. ಎರಡೂ ಕಡೆಯವರು ಗೆದ್ದೆವು ಎಂದು ಹೇಳಿಕೊಂಡರಂತೆ, ಯಜಮಾನರು ಇಬ್ಬರ ಕೈಯನ್ನೂ ಕುಲುಕಿದರಂತೆ.

ಸೋಮವಾರ ಆಸ್ಪತ್ರೆಯ ಎರಡನೆಯ ಮಹಡಿಯ ಉದ್ದ ಕಾರಿಡಾರಿನ ಬೆಂಚಿನಲ್ಲಿ ಕೂತೆವು. ನಮ್ಮ ಜೊತೆ ಇನ್ನೂ ಐದಾರು ಜನ ಇದ್ದರು, ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಮೊದಲು ತಂಗಿಯೊಬ್ಬಳನ್ನೇ ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ನರ್ಸ್ ಒಬ್ಬಳು ಬಾಗಿಲು ಸರಿಸಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮತ್ತೆ ಮುಚ್ಚಿದಳು. ನಾನೇನು ತಪ್ಪು ಮಾಡಿದೆನೋ ತಿಳಿಯಲಿಲ್ಲ.

ಹತ್ತು ನಿಮಿಷದ ಮೇಲೆ ತಂಗಿ ಹೊರಗೆ ಬಂದು ಪಕ್ಕದಲ್ಲಿ ಕೂತಳು. “ಆಪರೇಷನ್ ಕೋಣೆ ರೆಡಿ ಮಾಡಿ ಕರೀತಾರಂತೆ. ಯಾರಾದ್ರೂ ಬಲವಂತ ಮಾಡ್ತಿದಾರಾ ಅಂತ ಕೇಳಿದ್ರು.”

“ಏನಂದೆ?”

“ಹೌದು, ನಮ್ಮಕ್ಕ, ಬೇಡ ಬೇಡ ಅಂತ ಮೂರು ದಿನದಿಂದ ಪ್ರಾಣ ತಿಂತಿದಾಳೆ, ಹೊರಗೆ ಕೂತಿದಾಳೆ ಅಂದೆ. ಮತ್ತೆ ಅವಳನ್ನೇ ಯಾಕೆ ಕರ್ಕೊಂಡು ಬಂದ್ರಿ ಅಂದ್ರು.”

“ಅದಕ್ಕೇನಂದೆ?”

“ಅವಳನ್ನ ಬಿಟ್ಟು ಬೇರೆ ಯಾರನ್ನ ಕರ್ಕೊಂಡು ಬರ್ಲಿ ಅಂದೆ.”

ನನ್ನ ಕೈ ತಾನಾಗಿ ಅವಳ ಕೈ ಹಿಡಿಯಿತು. ತಣ್ಣಗಿತ್ತು ಆ ಕೈ. ಮುಖದಲ್ಲಿ ಮಾತ್ರ ಏನೂ ಇರಲಿಲ್ಲ, ತುಟಿ ಬಿಗಿದುಕೊಂಡು ಎದುರಿನ ಗೋಡೆ ನೋಡುತ್ತಿದ್ದಳು.

“ಅಕ್ಕ, ಒಂದು ಕೆಲಸ ಮಾಡ್ತೀಯಾ?”

“ಹೇಳು.”

“ಅಳು.”

ನನಗೆ ಅರ್ಥವಾಗಲಿಲ್ಲ. ಅವಳು ಗೋಡೆಯಿಂದ ಕಣ್ಣು ತೆಗೆಯದೆ ಹೇಳಿದಳು. “ನಾನು ಅತ್ರೆ ಮನಸ್ಸು ಗಟ್ಟಿ ಆಗಿಲ್ಲ, ಒಂದು ವಾರ ಬಿಟ್ಟು ಬನ್ನಿ ಅಂತ ಕಳಿಸ್ತಾರೆ. ಇನ್ನೊಂದು ವಾರ ನನ್ನ ಕೈಲಾಗಲ್ಲ. ಆದ್ರೆ ಯಾರೂ ಅಳದೆ ಅದು ಹೋಗಬಾರ್ದು. ಅದು ಜೀವ ಅಂತ ನಿನಗೆ ಗೊತ್ತಿದೆ. ನಾನು ಒಳಗೆ ಹೋದ್ಮೇಲೆ ನೀನು ಅಳು. ಪೂರ್ತಿ ಅಳು.”

ಅಷ್ಟರಲ್ಲಿ ಒಳಗಿಂದ ಕರೆದರು. ಅವಳು ಎದ್ದು, ಸೆರಗು ಸರಿಮಾಡಿಕೊಂಡು, ಹಿಂದೆ ತಿರುಗಿ ನೋಡದೆ ನೆಟ್ಟಗೆ ನಡೆದುಹೋದಳು. ಬಾಗಿಲು ಮುಚ್ಚಿತು.

ನನ್ನ ಮೂರಕ್ಕೂ ನಾನು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತವಳು. ಹೊರಗೆ ಬರುವಾಗ ಮುಖ ತೊಳೆದುಕೊಂಡೇ ಬರುತ್ತಿದ್ದೆ. ಇದಕ್ಕೆ ಹಾಗೆ ಮಾಡಲಿಲ್ಲ. ಆ ಬೆಂಚಿನ ಮೇಲೆ, ಅಷ್ಟೂ ಜನರೆದುರು ದನಿ ತೆಗೆದು ಅತ್ತೆ. ಪಕ್ಕದವರು ಸರಿದು ಕೂತರು. ಯಾರೋ ಬೆನ್ನು ಸವರಿದರು. ಆಗಲೇ ನನ್ನನ್ನು ಗುರಾಯಿಸಿದ್ದ ಅದೇ ನರ್ಸ್ ಲೋಟದಲ್ಲಿ ನೀರು ತಂದು ಎದುರಿಗೆ ಬಗ್ಗಿದಳು.

“ಅಳಬೇಡಿ ಅಮ್ಮ. ನಿಮ್ಮ ತಂಗಿಗೆ ಏನೂ ಆಗಲ್ಲ.”

“ತಂಗಿಗಲ್ಲ,” ಎಂದೆ. “ನೀರು ಅಲ್ಲಿಟ್ಟು ಹೋಗಿ ಸಿಸ್ಟರ್. ನಂದಿನ್ನೂ ಮುಗಿದಿಲ್ಲ.”